ನಾಟಿಂಗ್‌ಹ್ಯಾಮಿನ ಹಿತ್ತಲಿಗೆ ಹಾಸನದ ಒಗ್ಗರಣೆ

ನೀವು ಹಾಸನದ ಕಡೆಯಿಂದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿಗೆ ಬಂದು ಬಾಡಿಗೆ ಮನೆ ಹಿಡಿದು ಇನ್ನೂ ಹೆಚ್ಚು ದಿನವಾಗಿಲ್ಲ. ಹಿಂದೆ ಇದ್ದವರು ಹಿತ್ತಲಿನಲ್ಲಿ ಬಿಟ್ಟುಹೋದ ಗಿಡಗಳಲ್ಲಿ ಕೋರ್ಜೆಟ್ ಅಂದರೆ ಜುಕಿನಿ, ಸ್ವಿಸ್ ಚಾರ್ಡ್ ಎಂಬ ಸೊಪ್ಪು, ಹುಳಿ ದಂಟಿನ ರೂಬಾರ್ಬ್ ಮತ್ತು ರನ್ನರ್ ಬೀನ್ಸ್ ಇವೆಯೆಂದು ಪಕ್ಕದ ಮನೆಯವರು ಗುರುತಿಸಿ ಹೇಳಿದ್ದಾರೆ. ಇವನ್ನು ನಮ್ಮ ರೀತಿಯಲ್ಲಿ ಅಡುಗೆ ಮಾಡಬಹುದೇ, ಅಥವಾ ಎಲ್ಲವನ್ನೂ ಕಿತ್ತು ಅವರೆ, ಹೀರೆ, ಬದನೆ ಹಾಕುವುದು ಒಳ್ಳೆಯದೇ, ಇಲ್ಲಿ ನಮ್ಮ ಊಟ ಎಂಬುದು ಸಾಧ್ಯವೇ ಎಂದು ಕೇಳಿದ್ದೀರಿ. ಅಕ್ಕ ಎಂದು ಕರೆದು ಬರೆದಿರುವುದರಿಂದ ಸ್ವಲ್ಪ ಸಲುಗೆಯಿಂದಲೇ ಉತ್ತರಿಸುತ್ತೇನೆ: ಒಂದು ಗಿಡವನ್ನೂ ಕೀಳಬೇಡಿ. ಊರಿನ ತರಕಾರಿಯನ್ನು ಇಲ್ಲಿ ಬೆಳೆಯಲು ಹೆಣಗುವುದಕ್ಕಿಂತ, ಇಲ್ಲಿ ತಾನಾಗಿ ಸೊಂಪಾಗಿ ಬರುವುದನ್ನು ಊರಿನ ಪಾಕದಲ್ಲಿ ಬೇಯಿಸುವುದೇ ಲೇಸು.

ಅವರೆಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಹಾಸನದವರಿಗೆ ಅದರ ಆಸೆ ಬಿಡುವುದು ಕಷ್ಟ. ನಮ್ಮ ನಾಟಿ ಅವರೆ ಹಗಲು ಕಿರಿದಾದ ಮೇಲೆ ಹೂ ಬಿಡುವ ಗಿಡ. ಆದ್ದರಿಂದಲೇ ಊರಿನಲ್ಲಿ ಅದು ಚಳಿಗಾಲದ ಬೆಳೆ. ನಾಟಿಂಗ್‌ಹ್ಯಾಮಿನಲ್ಲಿ ಜೂನ್ ತಿಂಗಳ ಹಗಲು ಸುಮಾರು 17 ಗಂಟೆ, ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆಯನ್ನು ದಾಟುವುದಿಲ್ಲ. ಹೀಗಾಗಿ ಬಳ್ಳಿ ಬೇಸಿಗೆಯಿಡೀ ಎಲೆ ಬಿಟ್ಟುಕೊಂಡು ಬೆಳೆದು, ಹೂ ಬಿಡುವ ಹೊತ್ತಿಗೆ ಚಳಿ ಬಂದು ಕುಸಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದವನ್ನು ಲೆಕ್ಕಿಸದ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟಿದ್ದಾರೆ, ನಿಜ; ಆದರೆ ಜುಲೈ ತಿಂಗಳಲ್ಲೂ ರಾತ್ರಿ 12–13 ಡಿಗ್ರಿಗೆ ಇಳಿಯುವ ಊರಿನಲ್ಲಿ ಆ ತಳಿಗಳಿಗೂ ಬೇಕಾದಷ್ಟು ಶಾಖ ಸಿಗುವುದಿಲ್ಲ. ಹೀರೆ, ಬೆಂಡೆ, ಬದನೆಗಳ ಪಾಡೂ ಇದೇ. ಗಾಜಿನ ಮನೆಯಿದ್ದರೆ ಮಾತ್ರ ಆ ಪ್ರಯತ್ನಕ್ಕೆ ಅರ್ಥವಿದೆ. ತೀರಾ ಬಯಕೆಯಾದಾಗ ರೈಲು ಹತ್ತಿ ನಮ್ಮ ಲೆಸ್ಟರಿಗೆ ಬನ್ನಿ. ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಗಳಲ್ಲಿ ವಿಮಾನದಲ್ಲಿ ಬಂದಿಳಿದ ತೊಂಡೆ, ಹೀರೆಗಳು ದುಬಾರಿಯಾದರೂ ಸಿಗುತ್ತವೆ.

ಅವರೆಯ ಜಾಗವನ್ನು ತಕ್ಕಮಟ್ಟಿಗೆ ತುಂಬುವ ಬೆಳೆಯೊಂದು ಈ ನೆಲದಲ್ಲೇ ಇದೆ. ಬ್ರಾಡ್ ಬೀನ್ಸ್ ಎನ್ನುವ ಈ ಕಾಳನ್ನು ಅಕ್ಟೋಬರ್–ನವೆಂಬರಿನಲ್ಲಿ ಅಥವಾ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೆಲಕ್ಕೇ ಊರಬಹುದು. ಹಿಮವನ್ನು ಸಹಿಸಿಕೊಂಡು ನಿಂತು ಜೂನ್–ಜುಲೈಯಲ್ಲಿ ಕಾಯಿ ಕೊಡುತ್ತದೆ. ಇದು ಅವರೆಯ ಜಾತಿಯದಲ್ಲ, ಅವರೆಯ ಸೊಗಡೂ ಇದಕ್ಕಿಲ್ಲ. ಆದರೆ ಬಲಿತ ಕಾಳನ್ನು ಎರಡು ನಿಮಿಷ ಕುದಿಸಿ ತಣ್ಣೀರಿಗೆ ಹಾಕಿ ಎರಡು ಬೆರಳುಗಳ ನಡುವೆ ಹಿತುಕಿದರೆ ದಪ್ಪ ಸಿಪ್ಪೆ ಕಳಚಿ ಹಸಿರು ಬೇಳೆ ಹೊರಗೆ ಬರುತ್ತದೆ, ಅದರಿಂದ ಮಾಡಿದ ಹಿತಕಿದ ಬೇಳೆ ಸಾರು ಮುದ್ದೆಯ ಜೊತೆ ಚೆನ್ನಾಗಿಯೇ ಇಳಿಯುತ್ತದೆ. ಸೊಗಡಿನ ಕೊರತೆಯನ್ನು ಸಬ್ಬಸಿಗೆ ಸೊಪ್ಪು ಸಾಕಷ್ಟು ಮುಚ್ಚುತ್ತದೆ. ಅವರೆಕಾಳಿಗೆ ಸಬ್ಬಸಿಗೆ ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಇರಾನಿನವರು ಇದೇ ಬ್ರಾಡ್ ಬೀನ್ಸ್ ಮತ್ತು ಇದೇ ಸಬ್ಬಸಿಗೆಯನ್ನು ಅನ್ನಕ್ಕೆ ಬೆರೆಸಿ ಬಾಗಾಲಿ ಪೋಲೋ ಮಾಡುತ್ತಾರೆಂಬುದು ತಿಳಿದ ಮೇಲೆ ಈ ಜೋಡಿಯ ಮೇಲೆ ನನ್ನ ನಂಬಿಕೆ ಇನ್ನಷ್ಟು ಹೆಚ್ಚಿತು. ಗಿಡದಲ್ಲಿ ಮೊದಲ ಕಾಯಿಗಳು ಕಾಣಿಸಿಕೊಂಡಾಗ ಕಪ್ಪು ಹೇನು ಹತ್ತದಂತೆ ತುದಿಯ ಚಿಗುರನ್ನು ಚಿವುಟುವುದು ಇಲ್ಲಿನವರ ವಾಡಿಕೆ. ಆ ಚಿಗುರನ್ನು ಎಸೆಯದೆ ಬೆಳ್ಳುಳ್ಳಿ ಒಗ್ಗರಣೆಯ ಪಲ್ಯ ಮಾಡಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ ಈ ಕಾಳು ರಕ್ತಕಣಗಳನ್ನು ಒಡೆದು ತೀವ್ರ ಅಪಾಯ ತರಬಲ್ಲದು. ಮನೆಯಲ್ಲಿ ಯಾರಿಗಾದರೂ ಆ ಕೊರತೆ ಇದೆಯೆಂದು ವೈದ್ಯರು ಹೇಳಿದ್ದರೆ ಬ್ರಾಡ್ ಬೀನ್ಸ್ ಅವರ ತಟ್ಟೆಗೆ ಬರಲೇಬಾರದು.

ಇನ್ನು ನಿಮ್ಮ ಹಿತ್ತಲಿನಲ್ಲಿ ಈಗಾಗಲೇ ಇರುವುದಕ್ಕೆ ಬರೋಣ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಅಡುಗೆಮನೆಯನ್ನು ಆಳುವುದು ಕೋರ್ಜೆಟ್. ಸಂಜೆ ಬೆರಳುದ್ದ ಇದ್ದ ಕಾಯಿ ಎರಡು ಮೂರು ದಿನ ಮರೆತರೆ ತೋಳುದ್ದವಾಗಿರುತ್ತದೆ, ಇಬ್ಬರ ಸಂಸಾರಕ್ಕೆ ಒಂದು ಗಿಡವೇ ಹೆಚ್ಚು. ಎಳೆಯದಾಗಿದ್ದಾಗ ಇದನ್ನು ಸೋರೆಕಾಯಿಯಂತೆ ಕಂಡರೆ ಸಾಕು. ಕಡಲೆಬೇಳೆ ಹಾಕಿದ ಪಲ್ಯಕ್ಕೆ ಒಗ್ಗುತ್ತದೆ, ಆದರೆ ನೀರು ಬಹಳ ಬಿಡುವುದರಿಂದ ಅಗಲ ಬಾಣಲೆಯಲ್ಲಿ ಮುಚ್ಚಳವಿಲ್ಲದೆ ಬಾಡಿಸಿ ಉಪ್ಪನ್ನು ಕೊನೆಗೆ ಹಾಕಬೇಕು. ಮೇಲಿನ ಹಸಿರು ಸಿಪ್ಪೆಯನ್ನು ದಪ್ಪಗೆ ಹೆರೆದು ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆಯ ಜೊತೆ ಹುರಿದು ರುಬ್ಬಿದರೆ ಹೀರೆಕಾಯಿ ಸಿಪ್ಪೆಯ ಚಟ್ನಿಗೆ ಹತ್ತಿರದ ಚಟ್ನಿಯಾಗುತ್ತದೆ. ಗಂಡು ಹೂಗಳು ಬಜ್ಜಿಗೆ ಬರುತ್ತವೆ. ಕೈಮೀರಿ ಬೆಳೆದ ಕಾಯಿಯನ್ನು ಇಲ್ಲಿನ ಬಹಳ ಮಂದಿ ಸಪ್ಪೆಯೆಂದು ತಿರಸ್ಕರಿಸುತ್ತಾರೆ, ನನಗೆ ಮಾತ್ರ ಅದೇ ಹೆಚ್ಚು ಇಷ್ಟ: ಸಿಪ್ಪೆ, ಬೀಜ, ತಿರುಳು ತೆಗೆದು ದಪ್ಪ ಹೋಳು ಮಾಡಿದರೆ ಬೂದುಗುಂಬಳದಂತೆಯೇ ಮಜ್ಜಿಗೆ ಹುಳಿಯನ್ನು ಹೀರಿಕೊಳ್ಳುತ್ತದೆ. ಹಿಂದಿನವರು ನೆಟ್ಟದ್ದೋ, ಬಿದ್ದ ಬೀಜದಿಂದ ತಾನಾಗಿ ಹುಟ್ಟಿದ್ದೋ ನಿಮಗೆ ತಿಳಿಯದಿರುವುದರಿಂದ, ಮೊದಲ ಕಾಯಿಯ ಚೂರೊಂದನ್ನು ಹಸಿಯಾಗಿ ನಾಲಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗುಳಿ ಆ ಗಿಡವನ್ನೇ ಕಿತ್ತುಹಾಕಿ. ಒಂದನ್ನೂ ಕೀಳಬೇಡಿ ಎಂದ ಮಾತಿಗೆ ಇದೊಂದೇ ವಿನಾಯಿತಿ. ಕಹಿ ಸೋರೆಕಾಯಿಯಲ್ಲಿರುವ ವಿಷವೇ ಇದರಲ್ಲೂ ಇರುತ್ತದೆ, ಬೇಯಿಸಿದರೆ ಅದು ಹೋಗುವುದಿಲ್ಲ.

ಸ್ವಿಸ್ ಚಾರ್ಡ್ ಇದ್ದರೆ ಬಸ್ಸಾರು ಇದ್ದಂತೆಯೇ. ಬೀಟ್‌ರೂಟಿನ ಬಂಧುವಾದ ಈ ಸೊಪ್ಪು ಹೊರಗಿನ ಎಲೆಗಳನ್ನು ಮುರಿದಂತೆಲ್ಲ ಒಳಗಿನಿಂದ ಚಿಗುರುತ್ತದೆ, ಚಳಿ ಕಠಿಣವಾಗದಿದ್ದರೆ ಮುಂದಿನ ವಸಂತದವರೆಗೂ ಬದುಕಿರುತ್ತದೆ. ದಂಟನ್ನು ಬೇರ್ಪಡಿಸಿ ತೊಗರಿಬೇಳೆಯೊಂದಿಗೆ ಮೊದಲು ಬೇಯಲಿಟ್ಟು, ಎಲೆಯನ್ನು ಆಮೇಲೆ ಸೇರಿಸಿ, ಕಟ್ಟನ್ನು ಬಸಿದು, ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ ರುಬ್ಬಿದ ಖಾರಕ್ಕೆ ಆ ಕಟ್ಟನ್ನು ಬೆರೆಸಿ ಕುದಿಸಿ; ಬಸಿದುಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಇದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಆದರೆ ರಾಶಿರಾಶಿಯಾಗಿ ಸೊಪ್ಪು ಬರುವ ವಾರಗಳಲ್ಲಿ ಒಂದೇ ಪಾತ್ರೆಯಿಂದ ಎರಡು ಅಡುಗೆ ತೆಗೆಯುವ ಹಳೇ ಮೈಸೂರಿನ ಈ ಪದ್ಧತಿ ಹಿತ್ತಲಿರುವವರಿಗೆ ಎಷ್ಟು ಅನುಕೂಲವೆಂಬುದು ಊರಿನಲ್ಲಿ ಸೊಪ್ಪನ್ನು ಕಟ್ಟಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದಾಗ ನನಗೆ ಹೊಳೆದಿರಲಿಲ್ಲ. ಮೂಲಂಗಿ, ಬೀಟ್‌ರೂಟ್, ನವಿಲುಕೋಸುಗಳ ಎಲೆಗಳೂ ಇದಕ್ಕೆ ನಡೆಯುತ್ತವೆ. ನವಿಲುಕೋಸು ಈ ಹವೆಗೆ ಬಹಳ ಚೆನ್ನಾಗಿ ಹೊಂದಿಕೊಳ್ಳುವ ಬೆಳೆ, ಇಲ್ಲಿನ ಅಂಗಡಿಗಳಲ್ಲಿ ಅಪರೂಪವಾದ್ದರಿಂದ ಹಿತ್ತಲಿನಲ್ಲಿ ಅದಕ್ಕೊಂದು ಸಾಲು ಮೀಸಲಿಡಿ.

ರನ್ನರ್ ಬೀನ್ಸ್ ಕಾಯಿ ಗೇಣುದ್ದ ಮೀರುವ ಮೊದಲೇ ಕಿತ್ತು, ಎರಡೂ ಅಂಚಿನ ನಾರನ್ನು ಎಳೆದು, ಸಣ್ಣಗೆ ಹೆಚ್ಚಿ, ಫ್ರೋಜನ್ ಕಾಯಿತುರಿ ಹಾಕಿ ಪಲ್ಯ ಮಾಡಿ. ಬಲಿತ ಕಾಯಿಗಳ ಒಳಗಿನ ನೇರಳೆ ಬಣ್ಣದ ದೊಡ್ಡ ಕಾಳನ್ನು ಹುಳಿಗೆ ಹಾಕಬಹುದು. ಒಣಗಿದ ಕಾಳಾದರೆ ರಾಜ್ಮಾದಂತೆ ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಹತ್ತು ನಿಮಿಷವಾದರೂ ಚೆನ್ನಾಗಿ ಕುದಿಸಿಯೇ ಮುಂದಿನ ಕೆಲಸ. ಹಸಿಯಾಗಿ ತಿನ್ನುವ ಕಾಳು ಅದಲ್ಲ.

ರೂಬಾರ್ಬನ್ನು ಈ ವರ್ಷ ಹಾಗೆಯೇ ಬಿಡಿ. ಜೂನ್ ಕೊನೆಗೆ ಕೀಳುವುದನ್ನು ನಿಲ್ಲಿಸಿದರೆ ಬೇರು ಮುಂದಿನ ವರ್ಷಕ್ಕೆ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ಅದರ ಅಗಲವಾದ ಎಲೆ ವಿಷ, ಸೊಪ್ಪೆಂದು ಭ್ರಮಿಸಿ ಯಾವ ಕಾರಣಕ್ಕೂ ಪಾತ್ರೆಗೆ ಹಾಕಬಾರದು. ತಿನ್ನುವುದು ಕೆಂಪು ದಂಟನ್ನು ಮಾತ್ರ. ಇಲ್ಲಿನವರು ಅದಕ್ಕೆ ಸಕ್ಕರೆ ಸುರಿದು ಸಿಹಿ ತಿನಿಸು ಮಾಡುತ್ತಾರೆ. ನಾವು ಅದನ್ನು ಹುಳಿಯ ಪದಾರ್ಥವೆಂದು ತಿಳಿಯುವುದು ಮೇಲು. ಬೇಳೆ ಸಾರಿಗೆ ಹುಣಸೆಯ ಬದಲು ಕೊನೆಯ ಐದು ನಿಮಿಷದಲ್ಲಿ ಹಾಕಿದರೆ ಕರಗಿ ಹೋಗುತ್ತದೆ. ಬೆಲ್ಲ, ಹುರಿದ ಮೆಂತ್ಯ, ಒಣಮೆಣಸಿನಕಾಯಿ ಸೇರಿಸಿದರೆ ಗೊಜ್ಜಾಗುತ್ತದೆ, ಉತ್ತರ ಕರ್ನಾಟಕದ ಪುಂಡಿಪಲ್ಯದ ರುಚಿ ತಿಳಿದವರಿಗೆ ಆ ಹುಳಿ ಅಪರಿಚಿತವೆನಿಸುವುದಿಲ್ಲ. ಇದು ಬರುವ ಕಾಲವೂ ಮುಖ್ಯ. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ ಎಲ್ಲವೂ ಹಸಿರಾಗಿ ಕಂಡರೂ ಹಿತ್ತಲಿನಲ್ಲಿ ರೂಬಾರ್ಬ್ ಬಿಟ್ಟರೆ ತಿನ್ನಲು ಹೆಚ್ಚೇನೂ ಇರುವುದಿಲ್ಲ; ಚಳಿಗಾಲದ ಬೆಳೆ ಮುಗಿದಿರುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ. ಮಲೆನಾಡಿನವರು ಮಳೆಗಾಲಕ್ಕೆಂದು ಸಂಡಿಗೆ, ಉಪ್ಪಿನಕಾಯಿ ಕೂಡಿಡುವ ಹಾಗೆ ಇಲ್ಲಿ ವಸಂತಕ್ಕೆಂದು ಬೀನ್ಸ್, ಕಾಳುಗಳನ್ನು ಫ್ರೀಜರಿಗೆ ಹಾಕಿಡಬೇಕು.

ಸೊಪ್ಪಿನ ಬೀಜಕ್ಕಾಗಿ ಊರಿಗೆ ಹೇಳಿಕಳಿಸಬೇಡಿ. ಗಿಡ ಮತ್ತು ಬಿತ್ತನೆ ಬೀಜ ತರುವುದಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರದ ಕಟ್ಟುಪಾಡುಗಳಿವೆ, ಸೂಟ್‌ಕೇಸಿನಲ್ಲಿ ಹಾಗೆಯೇ ತರುವಂತಿಲ್ಲ. ಅದರ ಅಗತ್ಯವೂ ಇಲ್ಲ. ಒಗ್ಗರಣೆ ಡಬ್ಬಿಯಲ್ಲಿರುವ ಮೆಂತ್ಯ, ಸಾಸಿವೆ ಸಾಮಾನ್ಯವಾಗಿ ಮೊಳೆಯುತ್ತವೆ, ಕೊತ್ತಂಬರಿ ಬೀಜವನ್ನು ಅಂಗೈಯಿಂದ ಉಜ್ಜಿ ಎರಡು ಹೋಳಾಗಿಸಿ ಬಿತ್ತಿದರೆ ಅದೂ ಮೊಳೆಯುತ್ತದೆ. ಮೆಂತ್ಯ ಬೇಸಿಗೆಯಿಡೀ ಬರುತ್ತದೆ. ಕೊತ್ತಂಬರಿ ಮಾತ್ರ ಉದ್ದದ ಹಗಲಿನಲ್ಲಿ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ, ಆದ್ದರಿಂದ ಅದನ್ನು ಆಗಸ್ಟ್ ತಿಂಗಳಲ್ಲಿ ಬಿತ್ತಿ. ಸಬ್ಬಸಿಗೆಯನ್ನು ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ, ನಿಂತ ಜಾಗದಲ್ಲೇ ಬಿತ್ತಬೇಕು. ದಂಟಿನ ಸೊಪ್ಪಿಗೆ ಜೂನ್ ಬಿಸಿಲು ಬೇಕು. ಸ್ಲಗ್ ಎಂಬ, ಚಿಪ್ಪಿಲ್ಲದ ಬಸವನಹುಳುವಿನಂಥ ಗೊಂಡೆಹುಳುಗಳ ಉಪದ್ರವದ ಬಗ್ಗೆ ಪಕ್ಕದ ಮನೆಯವರೇ ನಿಮಗೆ ಸಾಕಷ್ಟು ಹೇಳುತ್ತಾರೆ.

ಮುಂದಿನ ವರ್ಷ ಟೊಮೇಟೊ ಹಾಕುವುದಾದರೆ, ಸೆಪ್ಟೆಂಬರಿನಲ್ಲಿ ಅಂಗಮಾರಿ ರೋಗ ಬಂದು ಗಿಡ ಕಪ್ಪಾಗುವ ಮೊದಲೇ ಹಣ್ಣಾಗದ ಕಾಯಿಗಳನ್ನು ಕಿತ್ತಿಟ್ಟುಕೊಳ್ಳಿ. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಹಾಳುಮಾಡಿ ಬರಗಾಲ ತಂದ ರೋಗ ಇದೇ, ಹನಿ ಮಳೆಯ ವಾರದಲ್ಲಿ ಇದನ್ನು ತಡೆಯುವುದು ಸಾಧ್ಯವೇ ಇಲ್ಲ. ಎಳ್ಳು, ಹಸಿಮೆಣಸಿನಕಾಯಿ ಹಾಕಿ ಹುರಿದು ರುಬ್ಬಿದ ಕಾಯಿ ಟೊಮೇಟೊ ಚಟ್ನಿಗಾಗಿಯೇ ಒಂದು ಗಿಡ ಹೆಚ್ಚು ಹಾಕುವುದೂ ತಪ್ಪಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ದಿನಗಳಿಗೆ ಕೇಲ್ ಸೊಪ್ಪು ಮತ್ತು ಈರುಳ್ಳಿಯ ಬಂಧುವಾದ ಲೀಕ್ ಸಾಕು. ಕೇಲ್ ಎಲೆಯ ನಡುದಂಟನ್ನು ತೆಗೆದು ಕೂದಲೆಳೆಯಂತೆ ಹೆಚ್ಚಿ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಿದರೆ ಅದರ ಒರಟುತನ ಗೊತ್ತಾಗುವುದಿಲ್ಲ, ಮಂಜು ಬಿದ್ದ ಮೇಲಂತೂ ಅದು ಸಿಹಿಯಾಗುತ್ತದೆ. ಪಾರ್ಸ್‌ನಿಪ್ ಎಂಬ ಬಿಳಿ ಗೆಡ್ಡೆಯನ್ನು ಎಲ್ಲರೂ ಹೊಗಳುತ್ತಾರೆ. ಅದರ ಸಿಹಿ ನಮ್ಮ ಹುಳಿಯನ್ನು ಕೆಡಿಸುತ್ತದೆಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ಜಾಗದ ಮಾತು. ಬಾಡಿಗೆ ಮನೆಯಲ್ಲಿ ಹೊಸದಾಗಿ ಪಾತಿ ಅಗೆಯುವ ಮೊದಲು ಮನೆಯ ಮಾಲೀಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಅವರು ಒಪ್ಪದಿದ್ದರೆ ಕುಂಡ, ಚೀಲಗಳಲ್ಲಿ ಸೊಪ್ಪು ಬೆಳೆಯಬಹುದು. ಹೆಚ್ಚು ಜಾಗ ಬೇಕಾದರೆ ಅಲಾಟ್‌ಮೆಂಟ್ ಎಂಬ ವ್ಯವಸ್ಥೆಯಿದೆ: ತರಕಾರಿ ಬೆಳೆದುಕೊಳ್ಳಲು ಜನರಿಗೆ ತುಂಡು ನೆಲವನ್ನು ವರ್ಷದ ಬಾಡಿಗೆಗೆ ಕೊಡುವ ಹೊಣೆಯನ್ನು 1908ರ ಕಾಯ್ದೆ ಸ್ಥಳೀಯ ಆಡಳಿತದ ಮೇಲೆ ಹೊರಿಸಿದೆ. ಪೂರ್ತಿ ಅಳತೆಯ ತುಂಡು ಸುಮಾರು 250 ಚದರ ಮೀಟರ್, ಇಬ್ಬರಿಗೆ ಅರ್ಧ ತುಂಡು ಧಾರಾಳವಾಯಿತು. ನಿಮ್ಮ ನಾಟಿಂಗ್‌ಹ್ಯಾಮಿನ ಸೇಂಟ್ ಆನ್ಸ್ ಅಲಾಟ್‌ಮೆಂಟ್ 75 ಎಕರೆಯಷ್ಟು ವಿಸ್ತಾರವಾದ, ವಿಕ್ಟೋರಿಯಾ ಕಾಲದಿಂದ ಉಳಿದು ಬಂದ ಹಿತ್ತಲುಗಳ ಸಾಲು, ಸಂರಕ್ಷಿತ ತಾಣಗಳ ಪಟ್ಟಿಯಲ್ಲೂ ಅದಿದೆ. ಇಂಥ ಜಾಗಗಳಿಗೆ ಕಾಯುವವರ ಪಟ್ಟಿ ಉದ್ದವಿರುವುದು ಸಾಮಾನ್ಯ. ಆದ್ದರಿಂದ ಇಲ್ಲಿ ಎಷ್ಟು ವರ್ಷ ಇರುತ್ತೀರೋ ತಿಳಿಯದಿದ್ದರೂ ಈ ವಾರವೇ ಹೆಸರು ಬರೆಸಿಬಿಡಿ, ಸರದಿ ಬಂದಾಗ ಬೇಡವೆನಿಸಿದರೆ ಮುಂದಿನವರಿಗೆ ಬಿಟ್ಟುಕೊಡಬಹುದು.