ಎಲ್ಲ ಪಾತ್ರಗಳೂ ಒಂದೇ ದನಿಯಲ್ಲಿ ಕೇಳಿಸಿದರೆ

ನೀವು ದನಿ ಕೊಡುವ ಪಾತ್ರಗಳಾದ ಬೆಕ್ಕು, ಬಾತು, ಮುದುಕ ಮೂವರೂ ಒಂದೇ ತರಹ ಕೇಳಿಸುತ್ತಾರೆ, ಗಂಟಲೂ ಉರಿಯುತ್ತದೆ ಎಂದಿದ್ದೀರಿ. ಬಹುಶಃ ನೀವು ಸ್ಥಾಯಿಯನ್ನಷ್ಟೇ (ದನಿ ಎಷ್ಟು ತಾರಕ, ಎಷ್ಟು ಮಂದ್ರ ಎಂಬುದನ್ನು) ಬದಲಿಸುತ್ತಿದ್ದೀರಿ, ಅದೂ ಗಂಟಲು ಹಿಂಡಿ. ನಿಮ್ಮ ಧ್ವನಿಮುದ್ರಣ ಕೇಳದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ.

ಅಮೆರಿಕದ ಕಾರ್ಟೂನ್ ದನಿ ಕಲಾವಿದ ಮೆಲ್ ಬ್ಲಾಂಕ್ (1908–1989) ದನಿ ಕೊಟ್ಟ ಸಿಲ್ವೆಸ್ಟರ್ ಬೆಕ್ಕನ್ನೂ ಡ್ಯಾಫಿ ಬಾತನ್ನೂ ಒಂದರ ಹಿಂದೊಂದು ಕೇಳಿ. ಎರಡಕ್ಕೂ ಅದೇ ಎಂಜಲು ಸಿಡಿಸುವ ‘ಸ’ ಉಚ್ಚಾರ. ಡ್ಯಾಫಿಯ ಧ್ವನಿಮುದ್ರಣವನ್ನು ವೇಗಗೊಳಿಸುತ್ತಿದ್ದರು, ಅಷ್ಟೇ. ಆದರೂ ಗೊಂದಲವಾಗದು, ಏಕೆಂದರೆ ಇಬ್ಬರ ಸ್ವಭಾವ ಬೇರೆ. ಆದ್ದರಿಂದ ಮೊದಲು ನಿಮ್ಮ ಸಹಜ ದನಿಯಲ್ಲೇ ಮೂವರ ಮಾತಿನ ವೇಗವನ್ನೂ ಉಸಿರು ನಿಲ್ಲುವ ಜಾಗವನ್ನೂ ಬೇರ್ಪಡಿಸಿ. ಆಮೇಲೆ ತುಟಿ, ದವಡೆ, ನಾಲಿಗೆ. ಸ್ಥಾಯಿ ಕೊನೆಗೆ, ಅದೂ ತುಸುವೇ. ಕಣ್ಣು ಮುಚ್ಚಿ ಕುಳಿತ ಗೆಳೆಯನಿಗೆ ಯಾರ ಮಾತೆಂದು ತಿಳಿದರೆ ಸಾಕು.

ಕಿರಿಚುವ ಪಾತ್ರವನ್ನು ದಿನದ ಕೊನೆಗೆ ಇಟ್ಟುಕೊಳ್ಳಿ; ಕಿರಿಚಾಡುವ ಕಾರ್ಟೂನ್ ಪಾತ್ರ ಯೊಸೆಮಿಟಿ ಸ್ಯಾಮ್‌ನ ಅಬ್ಬರ ಬ್ಲಾಂಕ್ ಅವರಂಥವರ ಗಂಟಲನ್ನೂ ದಣಿಸುತ್ತಿತ್ತು. ಉರಿ ಶುರುವಾದೊಡನೆ ನಿಲ್ಲಿಸಿ. ಪಿಸುಮಾತನ್ನು ವಿಶ್ರಾಂತಿ ಎಂದುಕೊಳ್ಳಬೇಡಿ. ಗೊಗ್ಗರು ದನಿ ಎರಡು-ಮೂರು ವಾರವಾದರೂ ಹೋಗದಿದ್ದರೆ ಅಭ್ಯಾಸ ಬಿಟ್ಟು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.