ಸಿಯೋಲ್‌ನಲ್ಲಿ ಒಂದು ಗಂಟೆಯಾದಾಗ

ಮಗಳ ಕೋಣೆಯ ಗೋಡೆಯಲ್ಲಿದ್ದ ಏಳು ಗಾಯಕರ ಚಿತ್ರವನ್ನು ಅಪ್ಪ ಕಿತ್ತು ಹರಿದದ್ದು ಒಂದು ಭಾನುವಾರ. ಆ ವಾರವೇ ಅಪ್ಪ, ಅಮ್ಮ, ಮಗಳು ಮೂವರೂ ಆಪ್ತಸಲಹೆಗೆಂದು ನನ್ನೆದುರು ಕುಳಿತಿದ್ದರು. ಗುರುತು ಸಿಗದಂತೆ ಊರು, ಉದ್ಯೋಗದ ವಿವರಗಳನ್ನು ಬಿಟ್ಟಿದ್ದೇನೆ. ಕುಟುಂಬದವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಹುಡುಗಿಗೆ 13 ವರ್ಷ, ಎಂಟನೆಯ ತರಗತಿ. ಗಣಿತ ಮತ್ತು ಸಮಾಜ ವಿಜ್ಞಾನದ ಅಂಕಗಳು ಕುಸಿದಿದ್ದವು. “ಪುಸ್ತಕ ಹಿಡಿದರೆ ತೂಕಡಿಕೆ, ಆ ಕೊರಿಯಾದ ಹಾಡು ಬಂದರೆ ಎಲ್ಲಿಲ್ಲದ ಎಚ್ಚರ” ಎಂದರು ಅಮ್ಮ. ಅಪ್ಪ ಸಿಟ್ಟಿನಲ್ಲಿದ್ದಂತೆ ಕಂಡರೂ ಅವರ ದನಿಯಲ್ಲಿ ಹೆಚ್ಚಿದ್ದದ್ದು ಭಯ: ಮಗಳು ತಮಗೆ ಅರ್ಥವಾಗದ ಭಾಷೆಯೊಳಗೆ ಹೊರಟುಹೋಗುತ್ತಿದ್ದಾಳೆ ಎಂಬ ಭಯ. ಹುಡುಗಿ ಚೀಲವನ್ನು ಎದೆಗವಚಿಕೊಂಡು ಕುಳಿತಿದ್ದಳು.

ಹೆತ್ತವರನ್ನು ಹೊರಗೆ ಕೂರಿಸಿ, ಚೀಲದಲ್ಲಿ ಏನಿದೆ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಒಂದು ನೋಟುಪುಸ್ತಕ ಹೊರಬಂತು. ಪುಟದ ತುಂಬ ಕೊರಿಯನ್ ಲಿಪಿಯಾದ ಹಂಗುಲ್‌ನ ಅಕ್ಷರಗಳು, ಕೆಳಗೆ ಕನ್ನಡದಲ್ಲಿ ಉಚ್ಚಾರ, ಅದರ ಕೆಳಗೆ ಅರ್ಥ. ಯಾರೂ ಹೇಳಿಕೊಡದೆ ಎಂಟು ತಿಂಗಳಲ್ಲಿ ಮಾಡಿದ ಕೆಲಸ. ನನಗೂ ಕಲಿಸುವೆಯಾ ಎಂದೆ. ಅವಳು ಒಂದು ಚೌಕ ಬರೆದಳು. “ಇದು ‘ಮ’. ಬಾಯಿಯ ಆಕಾರ.” ಆಮೇಲೆ ಒಂದು ಮೂಲೆಗೆರೆ ಎಳೆದು, “ಇದು ‘ನ’. ನಾಲಿಗೆ ಮೇಲೆದ್ದು ಹಲ್ಲಿನ ಹಿಂದೆ ತಾಗುತ್ತದಲ್ಲ, ಅದೇ ಇದು” ಎಂದಳು. ಹೇಳುವಾಗ ಅವಳ ನಾಲಿಗೆಯೂ ಅಲ್ಲಿಗೇ ತಾಗುತ್ತಿತ್ತು. ಕೊರಿಯಾದ ಸೆಜೋಂಗ್ ದೊರೆ 1446ರಲ್ಲಿ ಜಾರಿಗೆ ತಂದ ಆ ಲಿಪಿಯ ಮೂಲ ವ್ಯಂಜನಗಳನ್ನು ಬಾಯಿ, ನಾಲಿಗೆ, ಗಂಟಲು ನಿಲ್ಲುವ ಬಗೆಯನ್ನು ನೋಡಿಯೇ ರೂಪಿಸಲಾಗಿತ್ತು. ನಮ್ಮ ವರ್ಣಮಾಲೆಯೂ ಕಂಠದಿಂದ ತುಟಿಯವರೆಗೆ ಸಾಲಾಗಿ ನಡೆದು ಬರುತ್ತದೆ ಎಂದು ನಾನು ಹೇಳಿದಾಗ ಅವಳು ಕವರ್ಗದಿಂದ ಪವರ್ಗದವರೆಗೆ ಬೆರಳು ಮಡಿಚುತ್ತ ಹೇಳಿ ನೋಡಿದಳು, ‘ಮ’ ಬಂದಾಗ ತುಟಿ ಮುಟ್ಟಿಕೊಂಡಳು. ಎಂಟು ವರ್ಷ ಕನ್ನಡ ಕಲಿತ ಮಗುವಿಗೆ ಆ ಸಾಲಿನ ಕ್ರಮಕ್ಕೊಂದು ಕಾರಣವಿದೆ ಎಂದು ಅಂದೇ ಗೊತ್ತಾದದ್ದು.

ಈ ಹುಡುಗಿಗೆ ಗಮನದ ಕೊರತೆ ಇರಲಿಲ್ಲ. ಅವಳ ಗಮನ ಎಲ್ಲಿದೆಯೋ ಅಲ್ಲಿಗೆ ಶಾಲೆಯ ಪಾಠ ಒಮ್ಮೆಯೂ ಬಂದಿರಲಿಲ್ಲ. ಹಾಗಾಗಿ ಅವಳ ಒಪ್ಪಿಗೆ ಪಡೆದು ತರಗತಿ ಶಿಕ್ಷಕಿಯೊಂದಿಗೆ ಮಾತನಾಡಿದೆ.

ಮೊದಲು ಕೈಗೂಡಿದ್ದು ಭೂಗೋಳ. ಸಿಯೋಲ್‌ನಲ್ಲಿ ಮಧ್ಯಾಹ್ನ 1 ಗಂಟೆಗೆ ಹೊಸ ಹಾಡು ಬಿಡುಗಡೆಯಾದರೆ ನಮ್ಮಲ್ಲಿ ಬೆಳಿಗ್ಗೆ 9.30 ಎಂಬುದು ಅವಳಿಗೆ ಬಾಯಿಪಾಠ. ಏಕೆ ಎಂದು ಮಾತ್ರ ತಿಳಿದಿರಲಿಲ್ಲ. ಕೊರಿಯಾದ ಸಮಯ 135 ಡಿಗ್ರಿ ಪೂರ್ವ ರೇಖಾಂಶದ್ದು, ನಮ್ಮದು 82.5 ಡಿಗ್ರಿಯದ್ದು. ವ್ಯತ್ಯಾಸ 52.5. ಒಂದು ಡಿಗ್ರಿಗೆ 4 ನಿಮಿಷ, ಒಟ್ಟು 210 ನಿಮಿಷ. ಶಿಕ್ಷಕಿ ಇದನ್ನು ಹಲಗೆಯ ಮೇಲೆ ಬರೆದಾಗ, “ಮೂರೂವರೆ ಗಂಟೆ!” ಎಂದು ಅವಳು ಎಲ್ಲರಿಗಿಂತ ಮೊದಲು ಕೂಗಿದಳಂತೆ.

ಇತಿಹಾಸಕ್ಕೆ ದಾರಿ ತೋರಿಸಿದ್ದು ಅವಳದೇ ಸಂಕಟ. ಅವಳ ಗೋಡೆಯಲ್ಲಿದ್ದ ಆ ಏಳು ಗಾಯಕರ ಬಿಟಿಎಸ್ ತಂಡದ ಹಿರಿಯ ಸದಸ್ಯ 2022ರ ಡಿಸೆಂಬರ್‌ನಲ್ಲಿ ಸೇನೆಗೆ ಸೇರಿದ್ದರು. ಏಳೂ ಜನರ ಕಡ್ಡಾಯ ಸೇವೆ ಮುಗಿದದ್ದು 2025ರ ಜೂನ್‌ನಲ್ಲಿ. ಅಷ್ಟು ದಿನ ಅವಳು ಕ್ಯಾಲೆಂಡರ್‌ನಲ್ಲಿ ಗೆರೆ ಎಳೆಯುತ್ತಿದ್ದಳು. ಹಾಡುವವರು ಸೇನೆಗೆ ಏಕೆ ಹೋಗಬೇಕು? ಉತ್ತರ, ದಕ್ಷಿಣ ಕೊರಿಯಾಗಳ ಯುದ್ಧದಲ್ಲಿ 1953ರ ಜುಲೈ 27ರಂದು ಕದನವಿರಾಮವಾಯಿತೇ ಹೊರತು ಶಾಂತಿ ಒಪ್ಪಂದವಾಗಲಿಲ್ಲ. ಆ ಬಳಿಕ ತಾಯ್ನಾಡಿಗೆ ಮರಳಲೊಪ್ಪದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಹೋದವರು ಮಡಿಕೇರಿಯಲ್ಲಿ ಹುಟ್ಟಿದ ಸೇನಾಧಿಕಾರಿ ಕೆ. ಎಸ್. ತಿಮ್ಮಯ್ಯ. ಈ ಸಂಗತಿಯನ್ನು ಹೇಳಿದ್ದು ಶಿಕ್ಷಕಿಯಲ್ಲ, ಅಪ್ಪ. ಅವರು ಕೊಡಗಿನಲ್ಲಿ ಕೆಲಸ ಮಾಡಿದವರು. ಚಿತ್ರ ಹರಿದ ಮೇಲೆ ಮಗಳು ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ ಸೇನೆಯ ಕುರಿತ ಅದೇ ಪ್ರಶ್ನೆಯಾಗಿತ್ತು.

ಎಲ್ಲವೂ ಸುಗಮವಾಗಿರಲಿಲ್ಲ. ಇನ್ನೊಬ್ಬ ಶಿಕ್ಷಕರು ಉತ್ಸಾಹದಿಂದ ಅವಳ ಅಚ್ಚುಮೆಚ್ಚಿನ ಹಾಡಿನ ಧಾಟಿಗೆ ರಾಸಾಯನಿಕ ಧಾತುಗಳ ಹೆಸರು ಕೂರಿಸಿ ತರಗತಿಯಲ್ಲಿ ಹಾಡಿಸಿದರು. ಮಕ್ಕಳು ನಕ್ಕರು. ಅವಳು ಎರಡು ದಿನ ಶಾಲೆಗೆ ಹೋಗಲಿಲ್ಲ. “ಅದು ನನ್ನ ಹಾಡು” ಎಂದಷ್ಟೇ ಹೇಳಿದಳು. ಆ ಮಾತು ನನಗೆ ತಾಗಿತು. ಪಾಠಕ್ಕೆ ಏನನ್ನು ತರಬಹುದು ಎಂದು ಕೇಳಿದ್ದ ನಾನು, ಏನನ್ನು ಮುಟ್ಟಬಾರದು ಎಂದು ಕೇಳಿರಲಿಲ್ಲ. ಮುಂದಿನ ಭೇಟಿಯಲ್ಲಿ ಇಬ್ಬರೂ ಕುಳಿತು ಎರಡು ಪಟ್ಟಿ ಮಾಡಿದೆವು. ಎರಡನೆಯದರಲ್ಲಿ ಐದು ಹಾಡುಗಳಿವೆ, ಅವುಗಳ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ.

ಶಿಕ್ಷಕರಿಗೆ ನಾನು ಹೇಳಿದ್ದು: ಹಾಡಿಗೆ ಪಾಠವನ್ನು ತುರುಕಬೇಡಿ, ಹಾಡಿನಲ್ಲಿ ಆಗಲೇ ಇರುವ ಪಾಠವನ್ನು ಹುಡುಕಿ. 15 ಸೆಕೆಂಡಿನ ತಾಳ ಎಣಿಸಿ ನಿಮಿಷಕ್ಕೆಷ್ಟು ಎಂದು ಲೆಕ್ಕ ಹಾಕಿಸಿದರೆ ಅನುಪಾತ ತಾನಾಗಿ ಬರುತ್ತದೆ. ಕೊರಿಯನ್ ವಾಕ್ಯದಲ್ಲಿಯೂ ಕನ್ನಡದಂತೆ ಕ್ರಿಯಾಪದ ಕೊನೆಗೆ ನಿಲ್ಲುತ್ತದೆ. ಇಂಗ್ಲಿಷ್ ಏಕೆ ತೊಡಕೆನಿಸುತ್ತದೆ ಎಂಬುದನ್ನು ಅಲ್ಲಿಂದಲೇ ತೋರಿಸಬಹುದು. ಹಾಗೆಯೇ, ಪಕ್ಕದ ಬೆಂಚಿನ ಹುಡುಗನಿಗೆ ಯಕ್ಷಗಾನದ ಹುಚ್ಚಿದ್ದರೆ ಅವನಿಗೂ ಸರದಿ ಕೊಡಿ.

ಹೆತ್ತವರಿಗೆ: ಚಿತ್ರ ಹರಿದದ್ದಕ್ಕೆ ಅಪ್ಪ ಕ್ಷಮೆ ಕೇಳಲಿ. ಹಾಡನ್ನು ಶಿಕ್ಷೆಗೆ ಕಸಿದುಕೊಳ್ಳಬೇಡಿ, ಅಂಕಕ್ಕೆ ಬಹುಮಾನವಾಗಿಯೂ ಕೊಡಬೇಡಿ. ರಾತ್ರಿ 10ರ ನಂತರ ಮೊಬೈಲ್ ಅಡುಗೆಮನೆಯಲ್ಲಿರಲಿ, ಎಲ್ಲರದ್ದೂ.

ಒಂದು ವಿಷಯದಲ್ಲಿ ನಾನು ಸಡಿಲ ಬಿಡಲಿಲ್ಲ. ಗಾಯಕಿಯರಂತೆ ತೆಳ್ಳಗಾಗಬೇಕೆಂದು ಅವಳು ರಾತ್ರಿ ಊಟ ಬಿಡುತ್ತಿದ್ದಳು. ಮೊದಲ ದಿನವೇ ನಾನಾಗಿ ಕೇಳಿದ್ದರಿಂದ ಬಾಯಿಬಿಟ್ಟಳು. ಮಕ್ಕಳ ವೈದ್ಯರ ಬಳಿ ಕಳುಹಿಸಿದೆ, ಈಗಲೂ ತಿಂಗಳಿಗೊಮ್ಮೆ ತೂಕ ನೋಡಿಸುತ್ತೇವೆ.

ನಾಲ್ಕು ತಿಂಗಳಾಗಿದೆ. ಸಮಾಜ ವಿಜ್ಞಾನ ಸುಧಾರಿಸಿದೆ, ಬೀಜಗಣಿತ ಇನ್ನೂ ಇಲ್ಲ. ಊಟ ತಪ್ಪುತ್ತಿಲ್ಲ. ಕಳೆದ ಬಾರಿ ಬಂದಾಗ ಅಪ್ಪ ಅಂಗಿಯ ಜೇಬಿನಿಂದ ಮಡಿಚಿದ ಚೀಟಿಯೊಂದನ್ನು ತೆಗೆದರು. ತಮ್ಮ ಹೆಸರನ್ನು ಹಂಗುಲ್‌ನಲ್ಲಿ ಬರೆದಿದ್ದರು. ಒಂದು ಅಕ್ಷರ ತಪ್ಪಾಗಿತ್ತು. ಮಗಳು ಪೆನ್ನು ಕೇಳಿ ಇಸಿದುಕೊಂಡು ತಿದ್ದಿದಳು.