ಟರ್ಮಿನಲ್‌ನಲ್ಲಿ ಅಳಿಸಿದ ಫೈಲ್ ಟ್ರ್ಯಾಶ್‌ಗೆ ಯಾಕೆ ಹೋಗಲ್ಲ?

ಪ್ರಶ್ನೆ: ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಫೋಟೋಗಳಿದ್ದ ಫೋಲ್ಡರನ್ನು ರೇಂಜರ್‌ನಲ್ಲಿ ತಪ್ಪಿ ಅಳಿಸಿಬಿಟ್ಟೆ. ಟ್ರ್ಯಾಶ್ ಖಾಲಿ ಇದೆ. ವಾಪಸ್ ತರುವುದು ಹೇಗೆ? (ಡೊಂಬಿವಲಿಯ ಓದುಗರು)

ಮುಂಬೈ, ಪುಣೆ ಎರಡೂ ಕಡೆಯಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ರೇಂಜರ್ ಎಂದರೆ ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ಫೈಲ್‌ಗಳನ್ನು ನೋಡಿಕೊಳ್ಳುವ ತಂತ್ರಾಂಶ. ಅದರಲ್ಲಿ ಸಣ್ಣ ಡಿ, ಆಮೇಲೆ ದೊಡ್ಡ ಡಿ ಒತ್ತಿದರೆ ಕೆಳಗಿನ ಸಾಲಿನಲ್ಲಿ ‘ಡಿಲೀಟ್’ ಎಂದು ಬರುತ್ತದೆ. ಎಂಟರ್ ಒತ್ತಿದಿರೋ, ಕಥೆ ಮುಗಿಯಿತು. ಒಂದೇ ಫೈಲ್ ಆಗಿದ್ದರೆ ಮತ್ತೆ ಕೇಳುವುದೂ ಇಲ್ಲ. ಹಲವು ಫೈಲ್‌ಗಳಿದ್ದರೆ, ಅಥವಾ ಒಳಗೆ ಏನಾದರೂ ಇರುವ ಫೋಲ್ಡರ್ ಆಗಿದ್ದರೆ ಮಾತ್ರ ಇನ್ನೊಮ್ಮೆ ಕೇಳುತ್ತದೆ. ನಿಮ್ಮನ್ನೂ ಕೇಳಿದೆ, ನೀವು ಓದದೆ ‘ವೈ’ ಒತ್ತಿದ್ದೀರಿ. ಇದು ಟ್ರ್ಯಾಶ್‌ನ ದಾರಿಯೇ ಅಲ್ಲ. ಹೊಸ ರೇಂಜರ್‌ನಲ್ಲಿ ಅದಕ್ಕೆ ಸಣ್ಣ ಡಿ, ದೊಡ್ಡ ಟಿ ಇದೆ. ಅದೇ ಥರದ ಇನ್ನೊಂದು ತಂತ್ರಾಂಶ ಯಾಝಿಯಲ್ಲಿ ಸಣ್ಣ ಡಿ ಟ್ರ್ಯಾಶ್‌ಗೆ ಹಾಕುತ್ತದೆ, ದೊಡ್ಡ ಡಿ ಪೂರ್ತಿ ಅಳಿಸುತ್ತದೆ. ಒಂದರ ಅಭ್ಯಾಸ ಇನ್ನೊಂದಕ್ಕೆ ಒಯ್ಯಬೇಡಿ.

ಈಗ ಫೋಟೋಗಳ ವಿಷಯ. ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕ್) ಇದ್ದರೆ ಆಸೆ ಕಡಿಮೆ. ಉಬುಂಟು ಲಿನಕ್ಸ್ ವಾರಕ್ಕೊಮ್ಮೆ ಟ್ರಿಮ್ ಓಡಿಸುತ್ತದೆ. ಯಾವ ಜಾಗ ಖಾಲಿ ಎಂದು ಡಿಸ್ಕಿಗೆ ತಿಳಿಸುವ ಕೆಲಸ ಅದು. ತಿಳಿದ ಮೇಲೆ ಡಿಸ್ಕ್ ಹಳೆಯದನ್ನು ಉಳಿಸಿಕೊಳ್ಳುವುದಿಲ್ಲ. ‘ನೂರಕ್ಕೆ ನೂರು ವಾಪಸ್ ತರುತ್ತೇವೆ’ ಎಂದು ಮುಂಗಡ ಕೇಳುವ ಅಂಗಡಿಯವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಡಿಸ್ಕನ್ನು ನೋಡುವ ಮೊದಲೇ ಆ ಮಾತು ಕೊಡುವವರು ಸುಳ್ಳು ಹೇಳುತ್ತಿದ್ದಾರೆ.

ಅದಕ್ಕಿಂತ ಕ್ಯಾಮೆರಾದ ಕಾರ್ಡ್ ಹುಡುಕಿ. ಫೋಟೋ ಅಳಿಸಿದ್ದರೂ ಅದರ ಮೇಲೆ ಹೊಸದು ತೆಗೆಯದಿದ್ದರೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಫೈಲಿನ ಹೆಸರು ನೋಡುವುದಿಲ್ಲ, ಒಳಗಿನ ಗುರುತು ನೋಡಿ ಹೆಕ್ಕುತ್ತದೆ. ಹಾಗಾಗಿ ಹಳೆಯ ಹೆಸರುಗಳು ಬರಲ್ಲ, ಕೂತು ವಿಂಗಡಿಸಬೇಕು. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬೇಡಿ, ಬೇರೆ ಡಿಸ್ಕಿಗೆ ಹಾಕಿ. ಸಂಘದವರ ಮೊಬೈಲುಗಳಲ್ಲೂ ಕೇಳಿ ನೋಡಿ. ಇಡೀ ಸಂಘದ ನೆನಪು ಒಂದೇ ಲ್ಯಾಪ್‌ಟಾಪ್‌ನಲ್ಲಿ ಇರಬಾರದಿತ್ತು, ಅಲ್ವಾ? ಇವತ್ತೇ ಇನ್ನೊಂದು ಡಿಸ್ಕ್ ತನ್ನಿ.

ಪ್ರಶ್ನೆ: ರೇಂಜರ್, ಎನ್‌ಎನ್‌ಎನ್, ಯಾಝಿ, ಯಾವುದು ಒಳ್ಳೆಯದು? (ಪುಣೆ)

ಯಾವುದಾದರೂ ಒಂದು ಹಾಕಿಕೊಂಡು ಕೆಲಸ ಶುರು ಮಾಡಿ.

ಪ್ರಶ್ನೆ: ರೇಂಜರ್‌ನಲ್ಲಿ ಯಾವ ಫೋಲ್ಡರಿಗೆ ಹೋಗಿದ್ದರೂ ಹೊರಬಂದರೆ ಟರ್ಮಿನಲ್ ಹಳೇ ಜಾಗದಲ್ಲೇ ಇರುತ್ತದೆ. ವೈರಸ್ ಇರಬಹುದೇ? (ಠಾಣೆ)

ವೈರಸ್ ಅಲ್ಲ. ಶೆಲ್ (ಟರ್ಮಿನಲ್‌ನಲ್ಲಿ ನಿಮ್ಮ ಆದೇಶ ಓದಿ ನಡೆಸುವ ತಂತ್ರಾಂಶ) ಶುರು ಮಾಡಿದ ಪ್ರೋಗ್ರಾಂ ಆ ಶೆಲ್‌ನ ಜಾಗ ಬದಲಿಸಲಾರದು. ಮೊದಲು ಒಂದು ಚುಕ್ಕಿ, ಜಾಗ ಬಿಟ್ಟು ರೇಂಜರ್ ಎಂದು ಬರೆದು ಶುರು ಮಾಡಿ, ಹೊರಬಂದಾಗ ಶೆಲ್ ತಾನೇ ಆ ಫೋಲ್ಡರಿಗೆ ಹೋಗುತ್ತದೆ, ಸರಿಹೋಗುತ್ತದೆ. ಎಲ್ಲದಕ್ಕೂ ವೈರಸ್ ಎಂದು ಹೆದರಿಸುವವರ ಮಾತು ಕೇಳಬೇಡಿ.

ಪ್ರಶ್ನೆ: ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳ ಒತ್ತಕ್ಷರ ಒಡೆದು ಕಾಣುತ್ತವೆ. ಫೈಲ್ ಹಾಳಾಯಿತೇ? (ಪಣಜಿ)

ಇಲ್ಲ. ಟರ್ಮಿನಲ್ ಅಕ್ಷರಗಳನ್ನು ಒಂದೇ ಅಗಲದ ಚೌಕಗಳಲ್ಲಿ ಕೂರಿಸುತ್ತದೆ, ನಮ್ಮ ಒತ್ತಕ್ಷರ ಅದಕ್ಕೆ ಒಗ್ಗುವುದಿಲ್ಲ. ಹೆಸರು ಒಳಗೆ ಸರಿಯಾಗಿಯೇ ಇದೆ. ಅದಕ್ಕೆ ಹೆದರಿ ಇಂಗ್ಲಿಷಿಗೆ ಬದಲಿಸಬೇಡಿ. ಕೊನ್ಸೋಲ್‌ನಂಥ ಬೇರೆ ಟರ್ಮಿನಲ್‌ನಲ್ಲಿ ಒಮ್ಮೆ ತೆರೆದು ನೋಡಿ.